ಪೂರ್ವದ ಕಿಟಕಿಗೆ ಪರದೆ

ಸೂರ್ಯನ ಮೇಲೆ ಹಗೆ ಸಾಧಿಸುವುದು ನನ್ನ ವಯಸ್ಸಿಗೆ ಶೋಭಿಸುವ ಕೆಲಸವಲ್ಲ. ಆದರೂ ಕಳೆದ ಬೇಸಿಗೆಯಲ್ಲಿ ನಾನು ಮಾಡಿದ್ದು ಅದನ್ನೇ. ನನ್ನ ಹೆಂಡತಿ ಜೆಸಿಂತಾ ನರ್ಸು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದವಳು ಗಂಜಿ ಉಂಡು ಮಲಗುತ್ತಾಳೆ. ನಿದ್ರೆ ಮಾತ್ರ ಬರುವುದಿಲ್ಲ. ಒಂದು ದಿನ ಚಹಾಕ್ಕೆ ಉಪ್ಪು ಹಾಕಿ ಕೊಟ್ಟಳು. ಆಸ್ಪತ್ರೆಯಲ್ಲಿ ಮದ್ದು ಕೊಡುವ ಕೈಯೂ ಅದೇ ಎಂದು ನೆನೆದು ನನಗೆ ಹೆದರಿಕೆಯಾಯಿತು. ತಪ್ಪೆಲ್ಲ ಮಲಗುವ ಕೋಣೆಯ ಪೂರ್ವದ ಕಿಟಕಿಯದ್ದು ಎಂದು ಅಲ್ಲೇ ತೀರ್ಪು ಕೊಟ್ಟೆ. ನಿವೃತ್ತ ಗಣಿತದ ಮೇಷ್ಟ್ರಿಗೆ ಬಿಡಿಸಲು ಒಂದು ಲೆಕ್ಕ ಸಿಕ್ಕರೆ ಸಾಕು, ಅದು ಸರಿಯಾದ ಲೆಕ್ಕವೇ ಎಂದು ನೋಡುವ ತಾಳ್ಮೆ ಇರುವುದಿಲ್ಲ.

ಹಂಪನಕಟ್ಟೆಯ ಅಂಗಡಿಯಲ್ಲಿ ದಪ್ಪ ಕಪ್ಪು ಪರದೆ ಸಿಕ್ಕಿತು. "ಮಧ್ಯಾಹ್ನಕ್ಕೇ ಅಮಾವಾಸ್ಯೆ ಆಗ್ತದೆ ಮಾಸ್ಟ್ರೇ," ಎಂದ ಅಂಗಡಿಯವ. ಕಟ್ಟಿ ನೋಡಿದರೆ, ಪರದೆಗಿಂತ ಮೇಲಿದ್ದ ಗಾಜಿನಿಂದ ಬೆಳಕು ಧಾರಾಳವಾಗಿ ಇಳಿಯುತ್ತಿತ್ತು. ಆ ಗಾಜಿಗೆ ಹಳೆಯ ಪತ್ರಿಕೆ ಅಂಟಿಸಲು ಹೊರಟೆ. ಅದರಲ್ಲೂ ನನ್ನ ಬುದ್ಧಿ ನೋಡಿ, ಮಸಿ ಹೆಚ್ಚಿರುವ ಪುಟಗಳನ್ನೇ ಆರಿಸಿದೆ. ನಮ್ಮೂರಿನಲ್ಲಿ ತೀರಿಕೊಂಡವರ ವರ್ಷದ ನೆನಪಿಗೆ ಮನೆಯವರು ಪತ್ರಿಕೆಯಲ್ಲಿ ಫೋಟೊ ಹಾಕಿಸುತ್ತಾರೆ. ಆ ಪುಟದಷ್ಟು ಕಪ್ಪು ಇನ್ನೊಂದಿಲ್ಲ. ಮೈದಾ ಅಂಟು ಹಚ್ಚಿ, ಮುಖಗಳನ್ನು ಮರ್ಯಾದೆಯಿಂದ ಒಳಗಡೆಗೆ ತಿರುಗಿಸಿ ಅಂಟಿಸಿದೆ. ಮರುದಿನ ಅವಳು ಮಲಗಿದ ಮೇಲೆ ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು, "ನಿದ್ರೆ ಬಂತಾ?" ಎಂದು ಕೇಳುತ್ತಲೂ ಇದ್ದೆ.

ಮೂರನೆಯ ಸಲ ಕೇಳಿದಾಗ ಅವಳು ಎದ್ದು ಕುಳಿತಿದ್ದಳು. ಹಿಂದಿನಿಂದ ಬಿಸಿಲು ಬಿದ್ದು ಮೇಲಿನ ಮುಖಗಳೆಲ್ಲ ಬೆಳಗುತ್ತಿದ್ದವು.

"ಇಷ್ಟು ಜನರನ್ನು ಕೋಣೆಗೆ ಕರೆದದ್ದು ಎಂತಕ್ಕೆ ಮಾರಾಯ್ರೆ?" ಎಂದಳು. ನಾನು ನಗಬೇಕೆನ್ನುವಷ್ಟರಲ್ಲಿ ಒಂದು ಫೋಟೊದತ್ತ ಬೆರಳು ತೋರಿಸಿದಳು. "ಆ ಅಜ್ಜ ನಮ್ಮ ನಾಲ್ಕನೇ ಬೆಡ್ಡಿನಲ್ಲಿದ್ದವರು. ತೆಂಗಿನ ಬೊಂಡದ ನೀರು ಬೇಕು ಸಿಸ್ಟರ್ ಅಂತ ಕೇಳಿದ್ರು. ಬೆಳಿಗ್ಗೆ ತರಿಸ್ತೇನೆ ಅಂದೆ. ಬೆಳಗಾಗುವ ಮೊದಲೇ ಹೋದ್ರು. ಕಣ್ಣು ಮುಚ್ಚಿದ್ರೆ ಅವರು ಕೇಳಿದ್ದೇ ಕಿವಿಯಲ್ಲಿ ಉಂಟು."

ನಾನು ಮಂಚದ ಮೇಲೆ ಕುಳಿತೆ. ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ನಿದ್ರೆ ಬಂತಾ ಎಂದು ಎಷ್ಟು ಸಲ ಕೇಳಿದ್ದೇನೋ. ರಾತ್ರಿ ಎಂತಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಅವಳು ನಾಲ್ಕನೇ ಬೆಡ್ಡಿನ ಕಥೆ ಹೇಳಿದಳು, ಆಮೇಲೆ ಒಂಬತ್ತನೆಯದ್ದು, ಆಮೇಲೆ ಮಾತಿನ ನಡುವೆಯೇ ನಿದ್ರೆ ಹೋದಳು. ಬೆಳಕು ಅವಳ ಮುಖದ ಮೇಲೇ ಇತ್ತು.

ಆ ದಿನದಿಂದ ಬೆಳಿಗ್ಗೆ ಅವಳು ಮಲಗುವ ಮೊದಲು ಪಕ್ಕದಲ್ಲಿ ಕುರ್ಚಿ ಹಾಕಿ ಕೂರುತ್ತೇನೆ. ಮೊದಲ ಎರಡು ದಿನ ಪರದೆ ಎಳೆದೇ ಕುಳಿತೆ. ಅಂಗಡಿಯವ ಹೇಳಿದ್ದು ಸುಳ್ಳಲ್ಲ, ಕುರ್ಚಿಯ ಕಡೆಗಾದರೂ ಕತ್ತಲು ಒಳ್ಳೆಯದೇ ಬರುತ್ತದೆ. "ರಾತ್ರಿ ಎಂತಾಯಿತು?" ಎಂದು ಕೇಳಿದವನು ಎರಡನೆಯ ವಾಕ್ಯಕ್ಕೇ ಗೊರಕೆ ಹೊಡೆದೆನಂತೆ. ಈಗ ಪರದೆ ಬಿಚ್ಚಿ ಕಪಾಟಿನಲ್ಲಿಟ್ಟಿದ್ದೇನೆ. ಕೇಳುವವನ ಕಣ್ಣಿಗೆ ಸ್ವಲ್ಪ ಬಿಸಿಲು ಬೀಳುತ್ತಿರಬೇಕು.