ಭಾವನ ಕಬ್ಬಿಣದ ಗೆರೆ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬೈಲಹೊಂಗಲದಿಂದ ಬೆಳಗಾವಿಗೆ ಹೋಗುವ ಬಸ್ಸನ್ನು ಒಮ್ಮೆಯೂ ಸಮಯಕ್ಕೆ ಹಿಡಿದವರಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಹೊರಟ ಬೆಳಕನ್ನು ಮಾತ್ರ ಬಿಟ್ಟವರಲ್ಲ! ಐದಕ್ಕೆ ಎದ್ದು, ಆರಕ್ಕೆ ನಡೆದು, ಏಳಕ್ಕೆ ಉಪಾಹಾರ ಮುಗಿಸುವ ನನಗೆ ಇಂಥ ಭಾವ ಸಿಗಬೇಕೆ?

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು ಕಂಪ್ಯೂಟರ್ ಮುಂದೆ ಕುಳಿತರು. ಉಪಗ್ರಹಗಳು ಹಿಡಿದ ಕ್ಷಕಿರಣಗಳ ಮಾಹಿತಿ ಯಾರಿಗಾದರೂ ಬಿಟ್ಟಿ ಸಿಗುತ್ತದಂತೆ. ದೂರದ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ಸುತ್ತ ಅನಿಲ ಗಿರಗಿರ ತಿರುಗುತ್ತದೆ. ಅದರಲ್ಲಿರುವ ಕಬ್ಬಿಣ ತನ್ನದೇ ಕ್ಷಕಿರಣ ಸೂಸುತ್ತದೆ. ಅದರ ಗೆರೆ ನಕ್ಷೆಯಲ್ಲಿ ದಿಬ್ಬದಂತೆ ಏಳುತ್ತದೆ. ಇಷ್ಟು ನನಗೂ ತಿಳಿಯಿತು. ತಿಳಿಯದೆ ಏನು ಮಾಡಲಿ? ಊಟಕ್ಕೆ ಕರೆದು ರೊಟ್ಟಿಗಿಂತ ಮೊದಲು ಅದನ್ನೇ ಬಡಿಸಿದ್ದರು!

ಒಮ್ಮೆ ಎಪಿಎಂಸಿಯಲ್ಲಿ ಜೋಳದ ರಾಶಿಯೊಂದು ಒಂದು ಕಡೆ ಕಡಿದಾಗಿ, ಇನ್ನೊಂದು ಕಡೆ ಉದ್ದಕ್ಕೆ ಜಾರಿಕೊಂಡಿತ್ತು. ಭಾವ ನಿಂತೇಬಿಟ್ಟರು.

“ನೋಡಪಾ, ಆ ಕಬ್ಬಿಣದ ದಿಬ್ಬ ಹಿಂಗ ಇರತೈತಿ! ಕುಳಿ ಹತ್ರದಿಂದ ಹತ್ತಿ ಬರೂ ಬೆಳಕು ದಣಿತೈತಿ. ಅದಕ್ಕ ಈ ಕಡೆ ಜಾರತೈತಿ.”

ವ್ಯಾಪಾರಿ ಕೈಮುಗಿದ. “ಸರ್, ಜೋಳಾ ತಗೋತೀರೋ, ರಾಶಿ ಸರಿ ಮಾಡ್ಲ್ಯೋ?”

“ಮುಟ್ಟಬ್ಯಾಡೋ ಮಾರಾಯಾ!”

ಮನೆಗೆ ತಂದದ್ದು ರಾಶಿಯ ಫೋಟೊ. ಜೋಳ ಮರೆತೇಹೋಗಿತ್ತು!

ಹೋದ ವರ್ಷ ಸಕ್ಕರೆ ಕಾಯಿಲೆ ಅವರ ಕಣ್ಣು ಕಸಿದುಕೊಂಡಿತು. ವರ್ಷಗಟ್ಟಲೆ ಬೆನ್ನು ಹತ್ತಿದ್ದ ಗ್ಯಾಲಕ್ಸಿಯ ನಕ್ಷೆ ಕಂಪ್ಯೂಟರಿನಲ್ಲಿ ಆಗಷ್ಟೇ ಸಿದ್ಧವಾಗಿತ್ತು. ಅದರ ದಿಬ್ಬ ಜಾರಿದೆಯೋ ಇಲ್ಲವೋ ನೋಡಲಾಗಲಿಲ್ಲವೆಂದು ಭಾವ ಮಾತೇ ಬಿಟ್ಟರು. ನಾವು ಬಾಯಿಂದ ಹೇಳಿದರೆ ಒಪ್ಪುವರೆ? “ನಾ ನೋಡಬೇಕು,” ಅಷ್ಟೆ.

ಅಕ್ಕ ನನಗೆ ಫೋನು ಮಾಡಿದಳು. “ತಮ್ಮಾ, ಆ ಚಿತ್ರಾ ದೊಡ್ಡದು ಮಾಡಿ ಛಾಪಿಸ್ಕೊಂಡ್ ಬಾ.”

ತಂದುಕೊಟ್ಟೆ. ಹಳೆಯ ಸೀರೆಗಳನ್ನು ಮಡಿಸಿ ಕೌದಿ ಹೊಲಿಯುವಂತೆ, ದಪ್ಪ ದಾರದಲ್ಲಿ ಆ ಗೆರೆಯನ್ನು ಬಟ್ಟೆಯ ಮೇಲೆ ಉಬ್ಬಿಸಿ ಹೊಲಿದಳು. ಭಾವ ಬೆರಳಾಡಿಸಿದರು. ಮುಖ ಇಳಿಯಿತು.

“ಎರಡೂ ಕಡೆ ಸರಿಸಮ ಐತಲ್ಲ. ಹಂಗಾರ ಇದು ಕುಳಿ ಹತ್ರಂದಲ್ಲ.”

ನಾನು ಕಾಗದ ನೋಡಿದೆ. “ಅಕ್ಕಾ, ಹಾಳ್ಯಾಗ ಒಂದ್ ಕಡೆ ಜಾರೇತಿ!”

“ಸೊಟ್ಟ ಕಾಣತಿತ್ತೋ. ಹಂಗ ಹೊಲದ್ರ ನೋಡಿದವ್ರು ನಗೂದಿಲ್ಲೇನು? ನಾನ ಸರಿ ಮಾಡೇನಿ.”

ಎಷ್ಟೋ ತಿಂಗಳ ಮೇಲೆ ಭಾವ ನಕ್ಕರು. “ಅಲ್ಲಽ, ಗ್ಯಾಲಕ್ಸಿ ತಿದ್ದೀಯಲ್ಲ!”

ಅಕ್ಕ ಹೊಲಿಗೆ ಬಿಚ್ಚಿ, ಅವರ ಪಕ್ಕದಲ್ಲೇ ಕುಳಿತು, ಸೊಟ್ಟಗಿದ್ದದ್ದನ್ನು ಸೊಟ್ಟಗೇ ಹೊಲಿದಳು. ಆಮೇಲೆ ಅವರ ಬೆರಳನ್ನು ದಿಬ್ಬದ ತುದಿಗೆ ಮುಟ್ಟಿಸಿ, ಮೇಲೆ ತನ್ನ ಕೈಯಿಟ್ಟಳು.

“ಇಲ್ಲಿಂದ ಸಾವಕಾಶ ಇಳೀರಿ. ನಾ ಹಿಡದೇನಿ.”