ಎಸಿ ಮೆಕ್ಯಾನಿಕ್ ಮಾಮನ ಆರ್ಕೆಸ್ಟ್ರಾ

ನನ್ನ ತಾಯಿಯ ಅಣ್ಣ, ನಮ್ಮೆಲ್ಲರ ಮಾಮ, ಜಗತ್ತಿನ ಸಂಗೀತವೆಲ್ಲ ಬಂಟ್ವಾಳ ತಾಲೂಕಿನಲ್ಲೇ ಹುಟ್ಟಿದ್ದೆಂದು ನಂಬಿದ್ದರು. ನಂಬಿಕೊಂಡು ಸುಮ್ಮನಿದ್ದರೆ ಯಾರಿಗೇನು ತೊಂದರೆ? ನಮಗೂ ನಂಬಿಸಲು ಹೊರಟಿದ್ದರು!

ತೊಂಬತ್ತರ ದಶಕದಲ್ಲಿ ಮಾಮ ಮಸ್ಕತ್ತಿನ ಹೋಟೆಲೊಂದರ ಎಸಿ ಮೆಕ್ಯಾನಿಕ್ ಕೆಲಸ ಬಿಟ್ಟು ಬಂದರು. ಗಲ್ಫಿನವರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚು, ಕಂಬಳಿ ಇರಬೇಕಲ್ಲವೇ? ಮಾಮನ ಪೆಟ್ಟಿಗೆಯ ತುಂಬ ಕ್ಯಾಸೆಟ್ಟುಗಳು! ಎಲ್ಲವೂ ಯುರೋಪಿನ ಹಳ್ಳಿ ಕುಣಿತಗಳ ಗತ್ತಿಗೆ ಕಟ್ಟಿದ ದೊಡ್ಡ ವಾದ್ಯಮೇಳದ ಸಂಗೀತ. ‘ಆರ್ಕೆಸ್ಟ್ರಾ’ ಎಂದು ಕೇಳಿ ಸಿನಿಮಾ ಹಾಡಿನ ಆಸೆಯಿಂದ ಬಂದ ನೆರೆಯವರು ಚಹಾ ಕುಡಿದು ಎದ್ದುಹೋದರು.

“ಕಂಬಳಿ ಬಿಟ್ಟು ಈ ಮರ ಕೊಯ್ಯುವ ಶಬ್ದ ತಂದದ್ದಾ ನೀವು?” ಎಂದರು ಮಾಮಿ.

“ಸರಿಯಾಗಿ ಕೇಳು ಮಾರಾಯ್ತಿ. ಇದು ನಮ್ಮೂರ ಮದುವೆಯಲ್ಲಿ ಬಡಿಯುವ ದಫ್ಫಿನ ಪೆಟ್ಟು! ಪಿಟೀಲಿಗೆ ಕೊಟ್ಟಿದ್ದಾರೆ, ಅಷ್ಟೆ.”

ಮಾಮ ರಿಪೇರಿ ಅಂಗಡಿ ಇಟ್ಟರು. ಅಲ್ಲೂ ಟೇಪ್‌ರೆಕಾರ್ಡರು, ಗಾಳಿಯಲ್ಲಿ ತಾಳ ಹಾಕುವ ಸ್ಕ್ರೂ ಡ್ರೈವರು!

“ನನ್ನ ಮಿಕ್ಸಿ ಆಯ್ತಾ?” ಗಿರಾಕಿಯೊಬ್ಬರು ಕೇಳಿದರು.

“ಈ ಕುಣಿತ ಮುಗಿಯಲಿ.”

“ಅದು ಯಾವಾಗ ಮುಗೀತದೆ?”

“ಕುಣಿಯುವವರಿಗೆ ಸುಸ್ತಾದಾಗ.”

ಒಮ್ಮೆ ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೊರಟ ಬಸ್ಸಿನಲ್ಲಿ ಡ್ರೈವರನ್ನು ಒಲಿಸಿ ಕ್ಯಾಸೆಟ್ ಹಾಕಿಸಿದರು. ಆ ಕುಣಿತವೋ, ನಿಧಾನ ಶುರುವಾಗಿ ಬರಬರುತ್ತ ಜೋರಾಗುವಂಥದ್ದು. ಡ್ರೈವರನ ಕಾಲಿಗೂ ಅದೇ ಲಯ ಹತ್ತಿತು! ತಿರುವಿನಲ್ಲಿ ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು.

“ನಿಮ್ಮ ಕ್ಯಾಸೆಟ್ ತೆಗೀರಿ ಮಾರಾಯ್ರೆ, ಡ್ರೈವರಿಗೆ ಮರ್ಲು ಹಿಡೀತಾ ಉಂಟು!” ಕಂಡಕ್ಟರು ಕೂಗಿದ.

ಮಾಮನಿಗೆ ಹೆಮ್ಮೆಯೋ ಹೆಮ್ಮೆ. “ನೋಡಿದ್ಯಾ? ಅವನಿಗೆ ಅರ್ಥ ಆಯ್ತು.”

ಕೆಲವು ವರ್ಷಗಳ ಬಳಿಕ ಮೂಡುಬಿದಿರೆಯ ಕಾಲೇಜೊಂದಕ್ಕೆ ವಿದೇಶಿ ವಾದ್ಯಮೇಳ ಬಂತು. ಮಾಮ ಮಾಮಿಯನ್ನೂ ನನ್ನನ್ನೂ ಕಟ್ಟಿಕೊಂಡು ಹೋದರು. ಇನ್ನು ಇವರು ಕುರ್ಚಿ ಹತ್ತಿ ಕುಣಿಯುತ್ತಾರೆಂದೇ ನನ್ನ ಭಯ! ಪಿಟೀಲುಗಳು ಎದ್ದವು, ನಗಾರಿ ಸೇರಿಕೊಂಡಿತು. ಹುಡುಗರೆಲ್ಲ ಚಪ್ಪಾಳೆ ತಟ್ಟತೊಡಗಿದರು. ಮಾಮ ಮಾತ್ರ ಕೈಯೆತ್ತಲಿಲ್ಲ.

“ಯಾಕೆ ಮಾಮ, ಹಿಡಿಸ್ಲಿಲ್ವಾ?”

“ಹೋಟೆಲಿನ ಹಾಲಿನಲ್ಲಿ ಇಂಥವರು ಅಭ್ಯಾಸ ಮಾಡುವಾಗ ನಾನು ಮಾಳಿಗೆಯ ಮೇಲೆ ಎಸಿ ಗಾಳಿಯ ಪೈಪಿಗೆ ಕಿವಿ ಕೊಟ್ಟು ಕೂತಿರ್ತಿದ್ದೆ. ಊರು ನೆನಪಾಗ್ತಿತ್ತು. ಅಷ್ಟು ವರ್ಷ ಕೇಳಿದ್ದೇ ಕೇಳಿದ್ದು. ನುಡಿಸುವವರ ಮುಖ ನೋಡಿದ್ದು ಇವತ್ತೇ.”

ಮಾಮಿ ಮಾಮನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಅದರ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ತಾಳ ತಪ್ಪುತ್ತಿತ್ತು. ಮಾಮ ತಿದ್ದಲಿಲ್ಲ.