ಅತ್ತೆ ಹೊಲಿದ ದೈತ್ಯ

ಜಪಾನಿನವರು ದೈತ್ಯಪ್ರಾಣಿಯ ಸಿನಿಮಾ ತೆಗೆಯುವ ಮುಂಚೆ ಉದ್ದನಪಲ್ಲಿಯ ನಮ್ಮ ಸೋದರತ್ತೆಯನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ, ಅನುಭವಿಸಿದರು!

ಎಂಬತ್ತರ ದಶಕದ ಮಾತು. ಊರಾಚೆಯ ಟೆಂಟಿಗೆ ಆ ಹಳೆಯ ಸಿನಿಮಾ ಬಂದಿತ್ತು. ಬೆಟ್ಟದಂಥ ಪ್ರಾಣಿ ಪಟ್ಟಣವನ್ನೇ ತುಳಿಯುತ್ತಿದ್ದರೆ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಅತ್ತೆ ಮಾತ್ರ ಕಡಲೆಕಾಯಿ ಸುಲಿಯುತ್ತ, ಇಡೀ ಟೆಂಟಿಗೆ ಕೇಳುವಂತೆ ತೀರ್ಪು ಕೊಟ್ಟಳು.

"ಒಳಗೆ ಮನ್ಸ ಅವ್ನೆ ಕಣ್ಲಾ! ಬೆನ್ನತ್ರ ಹೊಲಿಗೆ ಬಿಟ್ಟೈತೆ ನೋಡು. ಇದ್ಕಿಂತ ಚೆಂದಾಗಿ ನಾನೇ ಹೊಲೀತೀನಿ."

ಹೊಲಿದೇಬಿಟ್ಟಳು! ಜೂಜುವಾಡಿಯ ಪಂಕ್ಚರ್ ಅಂಗಡಿಗಳ ಹಳೇ ಲಾರಿ ಟ್ಯೂಬುಗಳೆಲ್ಲ ಅವಳ ಜಗಲಿಗೆ ಬಂದು ಬಿದ್ದವು. ಬೆನ್ನಿನ ಮುಳ್ಳಿಗೆ ಹಲಸಿನ ಸಿಪ್ಪೆ. ಜಪಾನಿನ ಪ್ರಾಣಿಯನ್ನು ವಿಮಾನಗಳು ಮುತ್ತುತ್ತಿದ್ದವು. ನಮ್ಮದನ್ನು ನೊಣಗಳು ಮುತ್ತಿದವು.

ಅತ್ತೆಯ ಸ್ವಂತ ಸಿನಿಮಾಕ್ಕೆಂದು ಕಣದ ತುಂಬ ರಟ್ಟಿನ ಹೊಸೂರು ಪಟ್ಟಣ ಕಟ್ಟುವ ಭಾಗ್ಯ ನನ್ನದು. ಗುಡಿಯೊಂದನ್ನು ಅಂಟಿಸಹೋದರೆ ಅತ್ತೆ ಕೈ ಹಿಡಿದಳು.

"ಗುಡಿ ತುಳಿದ್ರೆ ಪಾಪ ಬತ್ತದೆ. ನನ್ನ ನಾದಿನಿ ಮನೆ ಮಾಡು, ಎಷ್ಟಾನಾ ತುಳೀಲಿ!"

ಮತ್ತಿಗಿರಿಯಿಂದ ಮದುವೆ ವಿಡಿಯೋ ತೆಗೆಯುವವನು ಬಂದ. "ಹೀರೋ ಯಾರಮ್ಮ?" ಎಂದ.

"ಊರು ತುಳ್ಯಾಕೆ ಹೀರೋ ಯಾಕಪ್ಪಾ?"

ಸರಿ, ಆ ರಬ್ಬರಿನ ಒಲೆಯೊಳಗೆ ಇಳಿಯುವ ಪುಣ್ಯಾತ್ಮ ಯಾರು? ನಾವೆಲ್ಲ ಮೆಲ್ಲಗೆ ಹಿಂದೆ ಸರಿದೆವು. ಅತ್ತೆ ಮನೆಯೊಳಗೆ ಹೋಗಿ, ಉಡುಪು ತೊಡಿಸಿಯೇ ಮಾವನನ್ನು ಕೈಹಿಡಿದು ಕರೆತಂದಳು. ನಾನು ಬೆಪ್ಪಾದೆ. ಕಾರ್ಖಾನೆಯಲ್ಲಿ ಮುಖ ಸುಟ್ಟಮೇಲೆ ಮಾವ ಹಗಲಲ್ಲಿ ಹೊಸಿಲು ದಾಟಿದ್ದೇ ಇಲ್ಲ. ನೆಂಟರು ಬಂದರೂ ಗೋಡೆ ಕಡೆ ತಿರುಗಿ ಮಲಗುತ್ತಿದ್ದ.

ದೈತ್ಯ ಮೊದಲು ಅಂಜುತ್ತ ಕಾಲಿಟ್ಟ. ಆಮೇಲೆ ಬಸ್‌ಸ್ಟ್ಯಾಂಡ್ ಹೋಯಿತು, ಅಂಚೆಕಚೇರಿ ಹೋಯಿತು. ಸ್ವಂತ ತಂಗಿಯ ಮನೆಯನ್ನಂತೂ ತಿರುಗಿ ಬಂದು ಇನ್ನೊಮ್ಮೆ ತುಳಿದ! ಊರ ಮಕ್ಕಳು ಕೇಕೆ ಹಾಕುತ್ತ ಬಾಲ ಹಿಡಿದು ಜೋತುಬಿದ್ದರು.

ಇದ್ದಕ್ಕಿದ್ದಂತೆ ಮಾವ ಕಣದ ನಡುವೆ ನಿಂತ. ಎರಡೂ ಕೈ ಎತ್ತಿ ದೈತ್ಯನ ತಲೆಯನ್ನು ಕಿತ್ತು ಕೆಳಗಿಟ್ಟ. ಬೆವರಿಳಿಯುವ ಆ ಸುಟ್ಟ ಮುಖ ಬಿಸಿಲಲ್ಲಿ ಎಲ್ಲರಿಗೂ ಕಂಡಿತು. ಮಕ್ಕಳು ಬಾಲ ಬಿಟ್ಟು ಹಿಂದೆ ಸರಿದರು.

"ಒಸಿ ನೀರ್ ಕೊಡ್ರಲಾ, ಬೆಂದೋದೆ," ಎಂದ.

ನಾನು ತಾನು ಎಂದು ಮಕ್ಕಳು ಚೆಂಬಿಗೆ ಓಡಿದರು.

"ಶಾಟ್ ಕೆಟ್ಟೋಯ್ತಲ್ಲಮ್ಮ, ತಲೆ ಹಾಕ್ಕೊಳ್ಳಕ್ಕೆ ಹೇಳಿ," ಎಂದು ವಿಡಿಯೋದವನು ಗೊಣಗಿದ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಬ್ಯಾಡಪ್ಪ. ಮೊಕ ಚೆನ್ನಾಗಿ ಕಾಣ್ತೈತೆ. ಹಂಗೇ ತೆಗಿ."